ಅಲೆಪ್ಪಿ ನೋಡಿ ಬಂದ ಜಕ್ಕಪ್ಪ ಅಂಬಿ

ಐವತ್ತೆರಡು ವರ್ಷ ತುಂಬುವ ತನಕ ಜಕ್ಕಪ್ಪ ಅಂಬಿ ಬೇರೆಯವರು ನಡೆಸಿದ ದೋಣಿಯಲ್ಲಿ ಕೂತವನಲ್ಲ. ಅವನು ಹುಟ್ಟಿದ್ದು ಕೃಷ್ಣಾ ಹೊಳೆಯ ದಂಡೆಗೆ, ಮಾಳಗಡ್ಡಿಯಲ್ಲಿ. ಈ ದಂಡೆ ರಾಯಬಾಗ ತಾಲ್ಲೂಕು, ಆ ದಂಡೆ ಅಥಣಿ ತಾಲ್ಲೂಕು. ಎಪ್ಪತ್ತು ಮನೆಗಳ, ಬಾಯಿಮಾತಿನಲ್ಲಿ ಬರೇ ಗಡ್ಡಿ ಆದ ಆ ಊರನ್ನು ಮೂರು ಕಡೆ ಹೊಳೆ ಸುತ್ತಿಕೊಂಡಿದ್ದರೆ ನಾಲ್ಕನೆಯ ಕಡೆ ಹಳ್ಳ. ಬೇಸಿಗೆಯಲ್ಲಿ ಹಳ್ಳ ದಾಟಿ ಹನ್ನೆರಡು ಮೈಲಿ ಸುತ್ತು ಹಾಕಿದರೆ ಸೇತುವೆ ಸಿಗುತ್ತದೆ. ಮಳೆಗಾಲದಲ್ಲಿ ಹಳ್ಳವೂ ತುಂಬಿತೆಂದರೆ ಉಳಿಯುವ ದಾರಿ ಒಂದೇ, ಜಕ್ಕಪ್ಪನ ದೋಣಿ. ಹೈಸ್ಕೂಲು, ದವಾಖಾನೆ, ಸಂತೆ, ಬಸ್ಸು ಎಲ್ಲ ಆಚೆ ದಂಡೆಗೆ. ಈಚೆ ದಂಡೆಗೆ ಬರುವುದು ಓಟಿನ ಪೆಟ್ಟಿಗೆ ಮಾತ್ರ. ಅದೂ ಜಕ್ಕಪ್ಪನ ದೋಣಿಯಲ್ಲೇ ಬರುತ್ತದೆ, ಪೊಲೀಸರ ಕಾವಲಿನಲ್ಲಿ, ಮದುಮಗಳ ಹಾಗೆ.

ಅಜ್ಜನ ಕಾಲದಿಂದಲೂ ಮಾಳಗಡ್ಡಿಯ ಅಂಬಿಗರು ದಾಟಿಸಿದ್ದಕ್ಕೆ ಕಾಸು ತೆಗೆದುಕೊಂಡವರಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಚೀಲ ಹಿಡಿದು ಹೋಗಿ ನಿಂತರೆ ಒಕ್ಕಲಿಗರು ಮನೆಗಿಷ್ಟೆಂದು ಜೋಳ ಸುರಿಯುತ್ತಿದ್ದರು. ಅದು ಅಂಬಿಗನ ಆಯ. ಕೊಡುವವನಿಗೆ ಹೊರೆಯಲ್ಲ, ಪಡೆಯುವವನಿಗೆ ಭಿಕ್ಷೆಯಲ್ಲ. ಆಮೇಲೆ ಹೊಳೆಯ ದಂಡೆಗೆ ಮೋಟಾರುಗಳು ಕೂತವು. ಜೋಳದ ಹೊಲವೆಲ್ಲ ಕಬ್ಬಾಯಿತು. ಕಬ್ಬಿಗೆ ಕಣವಿಲ್ಲ, ರಾಶಿಯಿಲ್ಲ. ಹೊಲದಲ್ಲಿ ಕಡಿದು ಟ್ರ್ಯಾಕ್ಟರಿಗೆ ಹೇರಿದರೆ ನೇರ ಕಾರ್ಖಾನೆಗೆ. ಜಕ್ಕಪ್ಪ ಚೀಲ ಹಿಡಿದು ಎಲ್ಲಿ ನಿಲ್ಲಬೇಕು? ಕಾರ್ಖಾನೆಯ ತೂಕದ ಕಾಟಾದ ಮುಂದೆಯೇ? ಒಂದೆರಡು ವರ್ಷ ಹೊಲಗಳಿಗೇ ಹೋದ.

"ಜಕ್ಕಪ್ಪಾ, ಒಂದ್ ಹೊರಿ ಕಬ್ಬಿನ ಸೋಗಿ ಒಯ್ಯೋ" ಅಂದರು.

"ಸೋಗಿ ಎಮ್ಮಿ ತಿಂತೈತ್ರಿ. ನನ್ ಹೇಂತಿ ತಿನ್ನಂಗಿಲ್ಲ."

ನಕ್ಕರು. ನಕ್ಕು ಸುಮ್ಮನಾದರು. ಕಬ್ಬು ಬಂದ ಮೇಲೆ ಮಾಳಗಡ್ಡಿಯಲ್ಲಿ ಮಾಳಿಗೆ ಎದ್ದವು, ಮೋಟಾರ್ ಸೈಕಲ್ಲು ಬಂದವು. ಆ ಮೋಟಾರ್ ಸೈಕಲ್ಲುಗಳನ್ನೂ ದೋಣಿಯಲ್ಲಿಟ್ಟು ದಾಟಿಸಿದವನು ಜಕ್ಕಪ್ಪನೇ. ಆಯ ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಹಾಗೆಂದು ದೋಣಿ ನಿಲ್ಲಿಸಿದರೆ ಊರಿನ ಉಸಿರು ಕಟ್ಟುತ್ತದೆ. ಮೀನು ಹಿಡಿದು, ಒಂದು ಎಮ್ಮೆ ಕಟ್ಟಿಕೊಂಡು, ಮೂವತ್ತು ಗುಂಟೆ ನೆಲ ಉತ್ತು, ಜಕ್ಕಪ್ಪ ಊರನ್ನು ಪುಕ್ಕಟೆ ದಾಟಿಸುತ್ತಲೇ ಇದ್ದ.

ದೋಣಿಯೂ ಅವನಷ್ಟೇ ಸವೆದಿತ್ತು. ಎಪ್ಪತ್ತೆರಡರಲ್ಲಿ ಅವನಪ್ಪ ಸಾಗವಾನಿ ಹಲಗೆ ಕೊಯ್ಸಿ ಮಾಡಿಸಿದ್ದು. ತೊಂಬತ್ತೈದಕ್ಕೆ ಬರುವಷ್ಟರಲ್ಲಿ ತಳದ ನಾಲ್ಕು ಹಲಗೆ ಮೆತ್ತಗಾಗಿ, ಮೊಳೆಗಳು ತುಕ್ಕು ಹಿಡಿದು ಬೆರಳಿಗೆ ಪುಡಿಯಾಗಿ ಬರುತ್ತಿದ್ದವು. ಸಂದಿಗೆ ಹಳೆ ಧೋತರದ ಚೂರು ತುರುಕಿ ಡಾಂಬರು ಬಳಿದರೂ ನೀರು ಬರುತ್ತಿತ್ತು. ಜಕ್ಕಪ್ಪ ಬಿದಿರಿನ ಗಳ ಹಾಕಿ ದೋಣಿ ನೂಕುತ್ತಿದ್ದರೆ ಅವನ ಹೆಂಡತಿ ರಾಮವ್ವ ಕಾಲ ಬಳಿ ಕೂತು ಎಣ್ಣೆ ಡಬ್ಬಿಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು. ಹೋಗುವಾಗಲೂ ಗೋರಬೇಕು, ಬರುವಾಗಲೂ ಗೋರಬೇಕು. ದೋಣಿಯಲ್ಲಿ ಕೂತವರು ಕಾಲೆತ್ತಿ ಕೂಡುತ್ತಿದ್ದರೇ ಹೊರತು ಒಬ್ಬರೂ ಡಬ್ಬಿಗೆ ಕೈ ಚಾಚಿದವರಲ್ಲ.

"ಈ ಮಳಿಗಾಲ ಇದು ತಡಿಯಂಗಿಲ್ರಿ" ಎಂದು ರಾಮವ್ವ ಆ ವರ್ಷ ಮಾರ್ಚ್ ತಿಂಗಳಲ್ಲೇ ಹೇಳಿದಳು. "ಸಾಲಿ ಹುಡುಗ್ಯಾರ ಕುಂದರ್ತಾರ ಇದರಾಗ. ಏನರೆ ಆದ್ರ ನಮ್ಮ ಮಾರಿ ಮ್ಯಾಲ ಉಗುಳ್ತಾರ ನೋಡ್ರಿ."

ಜಕ್ಕಪ್ಪನಿಗೆ ಅದು ಗೊತ್ತಿತ್ತು. ಮಳೆಗಾಲದೊಳಗೆ ಗಡ್ಡಿಗೆ ಹೊಸ ದೋಣಿ ಬೇಕು. ಅವನಿಗೆ ಬೇರೆ ಆಸೆ ಇರಲಿಲ್ಲ.

ಹೊಸ ದೋಣಿಯ ಮಾತು ತಂದವನು ಅಣ್ಣಾಸಾಬ. ಸಕ್ಕರೆ ಕಾರ್ಖಾನೆಯ ಡೈರೆಕ್ಟರು. ಗಡ್ಡಿಯ ಅರ್ಧ ಕಬ್ಬು ಅವನದು, ಮನೆ ಮಾತ್ರ ಆಚೆ ದಂಡೆಗೆ. ಅಲ್ಲಿ ಹೊಳೆಗೆ ತಾಗಿ ತೋಟದ ಬಂಗಲೆ ಕಟ್ಟಿಸಿದ್ದ. ಯಾರೋ ಪುಣೆಯ ಗೆಳೆಯ ಕೇರಳದಲ್ಲಿ ದೋಣಿಯ ಮೇಲೆ ಮನೆ ಕಟ್ಟಿರುತ್ತಾರೆ, ಅದರಲ್ಲಿ ಉಂಡು ಮಲಗಬಹುದು ಅಂದಿದ್ದನಂತೆ. ಅಂದಿನಿಂದ ಇವನಿಗೆ ಅದೇ ಧ್ಯಾನ. ಒಂದು ದಿನ ದೋಣಿಯಲ್ಲಿ ಕೂತು, ಬಿಳಿ ಪ್ಯಾಂಟು ಮೊಣಕಾಲಿಗೆ ಮಡಚಿ, ಮಾತು ತೆಗೆದ.

"ಜಕ್ಕಪ್ಪಾ, ನೀರಿನ ಮ್ಯಾಲ ಮನಿ ನೋಡಿಯೇನೋ?"

"ನೀರಾಗ ಹ್ವಾದ ಮನಿ ಭಾಳ ನೋಡೇನ್ರಿ, ಅಣ್ಣಾಸಾಬ್ರ."

"ಏ ಹುಚ್ಚಾ, ಅದಲ್ಲೋ! ಅಲೆಪ್ಪಿ ಅಂತ ಐತಿ, ಕೇರಳದಾಗ. ಕಾರಖಾನಿಂದ ಅಭ್ಯಾಸ ಪ್ರವಾಸ ಹೊಂಟೈತಿ, ನೀರಾವರಿ ನೋಡಾಕ. ನೀನೂ ಬಾ. ಅಂಥಾ ದೋಣಿ ನಮ್ಮ ಹೊಳ್ಯಾಗ ನಡೀತೈತೋ ಇಲ್ಲೋ ನೋಡಿ ಹೇಳು. ನಿನಗ ನೀರಿನ ಗುಣ ಗೊತ್ತೈತಿ."

"ನಾ ಬಂದ್ರ ಇಲ್ಲಿ ದೋಣಿ ಯಾರ ನಡಸೂದ್ರಿ?"

"ಎಂಟ ದಿನದ ಮಾತ. ಹೊಳ್ಳಿ ಬಂದ ಮ್ಯಾಲ ಗಡ್ಡಿಗಿ ಹೊಸಾ ದೋಣಿ ಮಾಡಿಸಿ ಕೊಡ್ತೀನಿ. ಮಾತಂದ್ರ ಮಾತ."

ದೋಣಿಯಲ್ಲಿದ್ದ ಹತ್ತು ಜನರೂ ಕೇಳಿಸಿಕೊಂಡರು. ರಾಮವ್ವ ಡಬ್ಬಿ ನಿಲ್ಲಿಸಲಿಲ್ಲ. ಮನೆಗೆ ಬಂದ ಮೇಲೆ ಅಂದಳು: "ದೊಡ್ಡವರ ಮಾತು ನೀರ ಮ್ಯಾಲಿನ ಬರಹ. ಬರೆಯೂದು ಕಾಣತೈತಿ, ಓದಾಕ ಸಿಗೂದಿಲ್ಲ."

"ಹತ್ತ ಮಂದಿ ಮುಂದ ಅಂದಾರಲೇ."

"ಇಪ್ಪತ್ತ ಮಂದಿ ಇದ್ದಿದ್ರ ಎರಡು ದೋಣಿ ಅಂತಿದ್ರು."

ಆದರೂ ಜಕ್ಕಪ್ಪ ಹೊರಟ. ಎಂಟು ದಿನದ ಮಟ್ಟಿಗೆ ದೋಣಿಯನ್ನು ಪಕ್ಕದ ಮನೆಯ ತುಕಾರಾಮನಿಗೆ ಒಪ್ಪಿಸಿದ. ತುಕಾರಾಮ ಕಬ್ಬು ಕಡಿಯುವವನು, ಗಟ್ಟಿ ತೋಳಿನವನು. ಮಾರ್ಚ್ ತಿಂಗಳ ಹೊಳೆ ಎಂದರೆ ಎಮ್ಮೆ ಮಲಗುವ ನೀರು. ಅದರಲ್ಲಿ ಗಳ ಹಾಕಿದವನೆಲ್ಲ ಅಂಬಿಗನೇ. ಎಂಟು ದಿನ ನಡೆಸಿ ತುಕಾರಾಮ ತಾನೂ ಅಂಬಿಗನಾದೆ ಅಂದುಕೊಂಡ. ಊರೂ ಹಾಗೇ ಅಂದುಕೊಂಡಿತು.

ಅಭ್ಯಾಸ ಪ್ರವಾಸದ ಬಸ್ಸು ಅಥಣಿಯಿಂದ ಹೊರಟಿತು. ಚಿಕ್ಕೋಡಿಯಲ್ಲಿ ಇಬ್ಬರು ಮುಖಂಡರು, ನಿಪ್ಪಾಣಿಯಲ್ಲಿ ಒಬ್ಬ ತಂಬಾಕಿನ ದಲಾಲ ಹತ್ತಿದರು. ದಲಾಲ ಯಾವ ನೀರಾವರಿ ಅಭ್ಯಾಸ ಮಾಡಬೇಕಿತ್ತೋ ದೇವರಿಗೇ ಗೊತ್ತು. ಅವನ ಕೈಚೀಲದಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬಸ್ಸಿನಲ್ಲಿ ವಿಡಿಯೋ ಹಾಕಿದರು. ಜಕ್ಕಪ್ಪನಿಗೆ ಕಟ್ಟಕಡೆಯ ಸೀಟು, ರೊಟ್ಟಿಯ ಬುಟ್ಟಿಗಳ ಜೊತೆ. ಎರಡು ದಿನ ಆ ಬುಟ್ಟಿಗಳ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದ, ಉರುಳದಂತೆ. ಅವನನ್ನು ಕರೆತಂದದ್ದು ನೀರಿನ ಗುಣ ಹೇಳಲಿಕ್ಕೆ ಎಂಬುದನ್ನು ಉಳಿದವರು ಆಗಲೇ ಮರೆತಿದ್ದರು. "ಲೇ ಅಂಬಿ, ಚಟ್ನಿ ಡಬ್ಬಿ ಕೊಡಪಾ" ಅನ್ನುವುದಷ್ಟೇ ಅವನಿಗೆ ಬರುತ್ತಿದ್ದ ಪ್ರಶ್ನೆ.

ಅಲೆಪ್ಪಿಯಲ್ಲಿ ನಮ್ಮಲ್ಲಿ ಓಣಿ ಇರುವ ಕಡೆ ಕಾಲುವೆ. ಕಾಲುವೆಯ ಎರಡೂ ದಂಡೆಗೆ ತೆಂಗು, ನೀರಿನ ಮೇಲೆ ಹಸಿರು ಅಂತರಗಂಗೆ, ಮನೆಯ ಹೊಸ್ತಿಲಿಗೇ ಕಟ್ಟಿದ ಸಣ್ಣ ದೋಣಿಗಳು. ಮುಖಂಡರು ಬಸ್ಸಿನಿಂದಿಳಿದು ಸೊಂಟದ ಮೇಲೆ ಕೈಯಿಟ್ಟು "ಏನ್ ಸ್ವರ್ಗಲೇ ಇದು!" ಅಂದರು. ಜಕ್ಕಪ್ಪನ ಮೂಗಿಗೆ ಕೊಳೆತ ತೆಂಗಿನ ಸಿಪ್ಪೆಯ ನಾತ ಬಡಿಯಿತು. ಮಂಡಿಯುದ್ದ ಕಪ್ಪು ನೀರಿನಲ್ಲಿ ಹೆಂಗಸರು ನಿಂತು ಆ ಸಿಪ್ಪೆ ಎತ್ತಿ ಕೋಲಿನಿಂದ ಬಡಿದು ನಾರು ತೆಗೆಯುತ್ತಿದ್ದರು. ಅವರ ಕೈಬೆರಳು ನೀರು ಕುಡಿದು ಬೆಳ್ಳಗೆ ಸುಕ್ಕಾಗಿದ್ದವು. ರಾಮವ್ವನ ಕೈಯೂ ಹಾಗೇ. ಸ್ವರ್ಗ ನೋಡಲು ಬಂದವರ ಕಣ್ಣಿಗೆ ಅವರ ಕೈ ಬೀಳಲಿಲ್ಲ.

ಮನೆ-ದೋಣಿ ಹತ್ತಿದರು. ಬಿದಿರಿನ ಚಾಪೆಯ ಕಮಾನು, ಒಳಗೆ ಮಂಚ, ಖುರ್ಚಿ, ಅಡುಗೆ ಮನೆ. ಜಕ್ಕಪ್ಪ ಚಪ್ಪಲಿ ಬಿಟ್ಟು, ಬಗ್ಗಿ ನೀರು ಮುಟ್ಟಿ ಹಣೆಗೆ ಹಚ್ಚಿಕೊಂಡು ಹತ್ತಿದ. ಮುಖಂಡರು ಖುರ್ಚಿಯಲ್ಲಿ ಕೂತು ಗ್ಲಾಸು ಕೇಳಿದರು. ಜಕ್ಕಪ್ಪ ಹಲಗೆ ಸರಿಸಿ ತಳಕ್ಕೆ ತಲೆ ಹಾಕಿದ. ಸಂದಿಯ ಮೇಲೆ ಬೆರಳಾಡಿಸಿದ. ಒಂದೂ ಮೊಳೆಯಿಲ್ಲ! ಹಲಗೆಗೆ ಹಲಗೆ ಸೇರಿಸಿ ನಾರಿನ ಹಗ್ಗದಿಂದ ಹೊಲಿದಿದ್ದರು, ನಮ್ಮ ಹೆಂಗಸರು ಕೌದಿ ಹೊಲಿದಂತೆ. ಮೇಲೆ ಎಂಥದೋ ಕರಿಯ ಎಣ್ಣೆ ಬಳಿದಿದ್ದರು. ತಳ ಒಣಗಿ ಬಣಬಣ ಅನ್ನುತ್ತಿತ್ತು. ಇಷ್ಟು ದೊಡ್ಡ ದೋಣಿ, ನೀರು ಗೋರುವವರು ಒಬ್ಬರೂ ಇಲ್ಲ. ಅವನು ಆ ಒಣ ತಳದ ಮೇಲೆ ಇನ್ನೊಮ್ಮೆ ಅಂಗೈ ಸವರಿದ. ಸಂತೋಷವೋ ಮತ್ಸರವೋ ಅವನಿಗೇ ತಿಳಿಯಲಿಲ್ಲ.

ಮೊದಲು ಇದೇ ದೋಣಿಗಳು ಭತ್ತ ಹೇರುತ್ತಿದ್ದವಂತೆ. ಲಾರಿ ಬಂದು ಕೆಲಸ ಹೋದ ಮೇಲೆ ಈಗ ಹೊಟ್ಟೆ ತುಂಬಿದವರನ್ನು ಹೇರುತ್ತಿದ್ದವು.

ಮಧ್ಯಾಹ್ನ ಊಟವಾದ ಮೇಲೆ ಅಣ್ಣಾಸಾಬ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೇಳಿದ: "ಹೇಳ ಜಕ್ಕಪ್ಪಾ. ನಮ್ಮ ಹೊಳ್ಯಾಗ ನಡೀತೈತಿಲ್ಲೋ?"

ಒಂದು "ಹೌದ್ರಿ"ಗೆ ಒಂದು ದೋಣಿ. ಅಷ್ಟು ಸುಲಭದ ವ್ಯಾಪಾರ ಜಕ್ಕಪ್ಪನ ವಂಶದಲ್ಲಿ ಯಾರಿಗೂ ಒದಗಿರಲಿಲ್ಲ.

"ನಾಳೆ ಹೇಳ್ತೀನ್ರಿ" ಅಂದ.

ಮರುದಿನ ಬೆಳಿಗ್ಗೆ ಮುಖಂಡರು ಇನ್ನೂ ಮಲಗಿದ್ದಾಗ ಅವನು ಕಾಲುವೆಯ ದಂಡೆಗುಂಟ ನಡೆದು ದೋಣಿ ನಿಲ್ದಾಣಕ್ಕೆ ಬಂದ. ಅಲ್ಲಿ ಬಸ್ಸಿನಂತೆ ಸಾಲಾಗಿ ಬೆಂಚಿದ್ದ ಮೋಟಾರು ದೋಣಿಗಳು. ಶಾಲೆಯ ಹುಡುಗಿಯರು, ಮೀನಿನ ಬುಟ್ಟಿಯ ಹೆಂಗಸರು, ಛತ್ರಿ ಹಿಡಿದ ಗುಮಾಸ್ತರು ಹತ್ತುತ್ತಿದ್ದರು. ಒಬ್ಬ ಮುದುಕನನ್ನು ಖುರ್ಚಿ ಸಮೇತ ಎತ್ತಿ ಒಳಗಿಟ್ಟರು. ಗಂಟೆ ಹೊಡೆಯಿತು, ದೋಣಿ ಹೊರಟಿತು. ಜಕ್ಕಪ್ಪನೂ ಹತ್ತಿ ಕೂತಿದ್ದ.

ಖಾಕಿ ಅಂಗಿಯ ಒಬ್ಬ ಬಂದು ಟಿಕೆಟಿಗೆ ಕೈ ಚಾಚಿದ. ಜಕ್ಕಪ್ಪ ಕಾಸು ಕೊಡಲಿಲ್ಲ. ಎರಡೂ ಅಂಗೈ ಅಗಲಿಸಿ ತೋರಿಸಿದ. ಗಳ ಹಿಡಿದು ಹಿಡಿದು ಕಲ್ಲಾದ ಗಂಟುಗಳು. ಕೃಷ್ಣೆಯ ಮೇಲೂ ಕೆಳಗೂ ಯಾವ ದೋಣಿ ಕಡವಿನಲ್ಲಿಯೂ ಅಂಬಿಗನಿಂದ ಅಂಬಿಗ ಏನೂ ಮುಟ್ಟುವುದಿಲ್ಲ. ಅಂಗೈ ತೋರಿಸಿದರೆ ಸಾಕು. ಅದು ಜಗತ್ತಿನ ನಿಯಮವೆಂದೇ ಅವನು ತಿಳಿದಿದ್ದ. ಖಾಕಿಯವನು ಅಂಗೈ ನೋಡಿದ, ಮುಖ ನೋಡಿದ. ಹಿಂದೆ ಕೂತ ಹುಡುಗಿಯರು ಕಿಸಕ್ಕೆಂದರು.

"ಮೀ ನಾವಾಡೀ ಆಹೆ" ಎಂದ ಜಕ್ಕಪ್ಪ ಮರಾಠಿಯಲ್ಲಿ. ನಾನೂ ಅಂಬಿಗನೇ.

ಅವನ ಪುಣ್ಯಕ್ಕೆ ಆ ಖಾಕಿಯವನು ಹತ್ತು ವರ್ಷ ಮುಂಬೈಯ ಬಂದರಿನಲ್ಲಿ ದುಡಿದವನು. ನಕ್ಕ. ತನ್ನ ಜೇಬಿನಿಂದಲೇ ಕಾಸು ತೆಗೆದು ಚೀಲಕ್ಕೆ ಹಾಕಿ, ಟಿಕೆಟ್ಟು ಹರಿದು ಜಕ್ಕಪ್ಪನ ಅಂಗೈ ಮೇಲಿಟ್ಟ. "ಭಾವೂ, ಈ ದೋಣಿ ನನ್ನದಲ್ಲ, ಸರಕಾರದ್ದು. ಮಂತ್ರಿ ಬಂದರೂ ಟಿಕೆಟ್ಟೇ" ಎಂದು ತನ್ನ ಹರಕು ಮರಾಠಿಯಲ್ಲಿ ತಿಳಿಸಿದ.

ಆಮೇಲೆ ಜಕ್ಕಪ್ಪ ಕೇಳಿದ ಒಂದೊಂದು ಪ್ರಶ್ನೆಗೂ ಅವನು ಉತ್ತರ ಕೊಟ್ಟ. ಪಗಾರ ಉಂಟೇ? ಉಂಟು. ರಜೆ? ಉಂಟು. ಮುದುಕನಾದರೆ? ಪೆನ್ಶನ್. ಜಕ್ಕಪ್ಪ ಕೊನೆಯದನ್ನು ಕೇಳಿದ: ದೋಣಿ ಸೋರಿದರೆ?

"ರಿಪೇರಿಗೆ ಒಯ್ಯುತ್ತಾರೆ."

"ಅಲ್ಲೀತನಕ ಮಂದಿ?"

"ಬೇರೆ ದೋಣಿ ಬರುತ್ತದೆ."

ಇದನ್ನು ಜಕ್ಕಪ್ಪ ಮೂರು ಸಲ ಕೇಳಿದ. ಮೂರು ಸಲವೂ ಅವನು ಅದನ್ನೇ ಅಂದ, ನಾಳೆ ಸೂರ್ಯ ಹುಟ್ಟುತ್ತಾನೆ ಎಂದಷ್ಟೇ ಸಲೀಸಾಗಿ.

ಹಿಂತಿರುಗಿದವನು ನೇರ ಅಣ್ಣಾಸಾಬನ ಮುಂದೆ ನಿಂತ. ಅವನಪ್ಪ ಗಳ ಕೈಗೆ ಕೊಡುವಾಗ ಒಂದು ಮಾತು ಹೇಳಿದ್ದ: ಹೊಲದ ಮಾತಿನಲ್ಲಿ, ಹೆಣ್ಣು-ಗಂಡಿನ ಮಾತಿನಲ್ಲಿ ಬೇಕಾದರೆ ಸುಳ್ಳು ಹೇಳು, ನೀರಿನ ಮಾತಿನಲ್ಲಿ ಹೇಳಬೇಡ.

"ನಡಿಯಂಗಿಲ್ರಿ, ಅಣ್ಣಾಸಾಬ್ರ. ಇಲ್ಲಿ ನೀರು ಕಟ್ಟಿ ಹಾಕಿದ ಎಮ್ಮಿ. ನಮ್ಮ ಹೊಳಿ ಬಿಟ್ಟ ಗೂಳಿ. ಬ್ಯಾಸಗ್ಯಾಗ ತಳ ಕಾಣತೈತಿ, ಆಗಸ್ಟಿನ್ಯಾಗ ಕೊಯ್ನಾ ಡ್ಯಾಮಿಂದ ನೀರ ಬಿಟ್ರ ನಿಮ್ಮ ಮನಿ-ದೋಣಿ ಆಂಧ್ರಕ್ಕ ಹೋಗಿ ನಿಲ್ಲತೈತಿ."

ದಲಾಲ ಗಹಗಹಿಸಿ ನಕ್ಕ. ಆ ನಗೆಯೇ ಕೆಲಸ ಕೆಡಿಸಿತು. ಅಣ್ಣಾಸಾಬನ ಮುಖ ಕಪ್ಪಿಟ್ಟಿತು.

"ಆದ್ರ ಒಂದ ಮಾತ್ರಿ" ಎಂದ ಜಕ್ಕಪ್ಪ, ಮುಖ ನೋಡದೆ. "ಇಲ್ಲಿ ಮಂದೀನ ದಾಟಸಾಕ ಸರಕಾರದ ದೋಣಿ ಐತ್ರಿ. ನಡಸಾವಗ ಪಗಾರ ಐತಿ. ಸೋರಿದ್ರ ಬ್ಯಾರೆ ದೋಣಿ ಬರತೈತಿ. ಅದು ಬೇಕ್ರಿ ನಮಗ. ನೀವು ಒಂದ ಮಾತ ಹಾಕಿದ್ರ..."

"ಓಹೋ, ಪಗಾರ ಬೇಕಾತ ಅಂಬಿಗಗ!" ಅಣ್ಣಾಸಾಬ ಎಲ್ಲರ ಕಡೆ ತಿರುಗಿ ಅಂದ. "ಬಸ್ಸಿನ ಸೀಟ ಕೊಟ್ರ ಖುರ್ಚಿ ಬೇಕಂತಾನ. ಆತಪಾ. ಅರ್ಜಿ ಕೊಡು. ಸರಕಾರಕ್ಕ ಅರ್ಜಿ ಕೊಡು."

ತಾನು ಕೊಟ್ಟ ಮಾತಿನ ಸುದ್ದಿ ಅವನು ಎತ್ತಲೇ ಇಲ್ಲ. ಬರುವಾಗ ಬಸ್ಸಿನಲ್ಲಿ ಯಾರೂ ಚಟ್ನಿ ಡಬ್ಬಿಯನ್ನೂ ಕೇಳಲಿಲ್ಲ.

ಊರಿಗೆ ಬಂದು ಜಕ್ಕಪ್ಪ ಸರಕಾರಿ ದೋಣಿಯ ಕತೆ ಹೇಳಿದ. ಬೇಸಾಯದವರು ಬಾಯಿ ಬಿಟ್ಟು ಕೇಳಿದರು. ಪ್ರಾಥಮಿಕ ಶಾಲೆಯ ಕಾಡಸಿದ್ದ ಮಾಸ್ತರರು ತಾವೇ ಅರ್ಜಿ ಬರೆಯಲು ಕೂತರು. ಒಳ್ಳೆಯ ಮನುಷ್ಯ, ಬರಹ ಮುತ್ತಿನಂಥದು.

"ನಾಕ ಹಲಗಿ ಮೆತ್ತಗ ಆಗ್ಯಾವ, ನೀರ ಬರತೈತಿ, ಗೋರಿದ್ರ ತಡೀತೈತಿ ಅಂತ ಬರೀರಿ" ಎಂದ ಜಕ್ಕಪ್ಪ.

"ಹಂಗ ಬರದ್ರ ಗೋರಕೋತ ಇರ್ರಿ ಅಂತಾರೋ. ಅರ್ಜಿ ಅಂದ ಮ್ಯಾಲ ಒಂದೀಟ ಅಳಬೇಕು. ಬಾಯಿ ಬಡಕೋಬೇಕು. ಅಂದ್ರ ಸರಕಾರ ಕಣ್ಣ ತೆರಿತೈತಿ."

ಮಾಸ್ತರರು ಹೇಳಿದ್ದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಅರ್ಜಿ ಬರೆಯುವ ಪದ್ಧತಿಯೇ ಅದು. ಒಂದು ಗೋಡೆ ಬಿರುಕು ಬಿಟ್ಟರೆ ಮನೆ ನೆಲಸಮವಾಗಿದೆ ಎಂದು ಬರೆಯುವುದು, ಒಂದು ಎಕರೆ ಒಣಗಿದರೆ ಊರಿಗೆ ಊರೇ ಗುಳೆ ಹೊರಟಿದೆ ಎಂದು ಬರೆಯುವುದು. ಕೇಳುವವರ ಕಿವಿ ಮಂದವಾದ ಕಡೆ ಕೂಗುವವರ ಗಂಟಲು ದೊಡ್ಡದಾಗುತ್ತದೆ. ಮಾಸ್ತರರು ಬರೆದರು: "ಸದರಿ ದೋಣಿಯು ಸಂಪೂರ್ಣ ಶಿಥಿಲಗೊಂಡಿದ್ದು, ಯಾವ ಕ್ಷಣದಲ್ಲಾದರೂ ಮುಳುಗಿ ಅಪಾರ ಪ್ರಾಣಹಾನಿ ಸಂಭವಿಸುವ ಪರಿಸ್ಥಿತಿಯಲ್ಲಿ ಇರುತ್ತದೆ." ಊರಿನ ಇನ್ನೂರು ಜನ ಸಹಿ, ಹೆಬ್ಬೆಟ್ಟು ಒತ್ತಿದರು. ಎಲ್ಲಕ್ಕಿಂತ ಮೇಲೆ ಜಕ್ಕಪ್ಪನದು.

ಅರ್ಜಿ ಈ ದಂಡೆಯ ತಾಲ್ಲೂಕು ಕಚೇರಿಗೆ ಹೋಯಿತು. ದೋಣಿ ನಿಲ್ಲುವುದು ಆ ದಂಡೆಗೆ, ಅಲ್ಲಿ ಕೊಡಿರಿ ಎಂದರು. ಆ ದಂಡೆಯವರು ದೋಣಿಯವನ ಮನೆ ಈ ದಂಡೆಗೆ ಎಂದರು. "ಸಾಹೇಬ್ರ, ಅದು ದಿನಕ್ಕ ಇಪ್ಪತ್ತ ಸಲ ಎರಡೂ ತಾಲೂಕಿನ್ಯಾಗ ಇರತೈತ್ರಿ" ಎಂದ ಜಕ್ಕಪ್ಪ. ಎರಡು ತಿಂಗಳು ಅಲೆದ. ಕೊನೆಗೆ ಅಣ್ಣಾಸಾಬನ ಬಂಗಲೆಗೆ ಹೋಗಿ ಕೈ ಮುಗಿದ. "ಚಿಂತಿ ಮಾಡಬ್ಯಾಡ, ನಾ ಹೇಳ್ತೀನಿ. ವಾರದಾಗ ಕೆಲಸ ಆಗತೈತಿ" ಎಂದ ಅಣ್ಣಾಸಾಬ ನಗುತ್ತ. ಬಂಗಲೆಯ ಮುಂದೆ, ಹೊಳೆಯ ದಂಡೆಗೆ, ಸಿಮೆಂಟಿನ ಕೆಲಸ ನಡೆದಿತ್ತು. ನೀರಿನಲ್ಲಿ ನಡೆಯದ ಮನೆ-ದೋಣಿಯನ್ನು ಅವನು ನೆಲದ ಮೇಲೆಯೇ ಕಟ್ಟಿಸುತ್ತಿದ್ದ: ದೋಣಿಯ ಆಕಾರದ ಕೋಣೆ, ಕಮಾನು, ಮುಂದೆ ಒಂದು ಸುಳ್ಳು ಚುಕ್ಕಾಣಿ. ಒಳಗೆ ನೆಲಕ್ಕೆ ಹಾಸಲು ತಂದ ಸಾಗವಾನಿ ಹಲಗೆಗಳನ್ನು ಜಕ್ಕಪ್ಪ ಕಣ್ಣಿನಲ್ಲೇ ಅಳೆದ. ಎರಡು ದೋಣಿಗಾಗುವಷ್ಟು ಇತ್ತು.

ಹೇಳಿದಂತೆ ವಾರದಲ್ಲಿ ಕೆಲಸವಾಯಿತು. ಜೂನ್ ಮೊದಲ ವಾರ ಕಚೇರಿಯಿಂದ ಒಬ್ಬ ಕಾರ್ಕೂನ, ಇಬ್ಬರು ಜವಾನರು ಬಂದರು. ಜಕ್ಕಪ್ಪನೂ ರಾಮವ್ವನೂ ಆಗತಾನೆ ಸಂತೆಯ ಜನರನ್ನು ಆಚೆ ದಂಡೆಗಿಳಿಸಿದ್ದರು. ಕಾರ್ಕೂನ ದೋಣಿ ಹತ್ತಲಿಲ್ಲ. ಅವನು ತಿರುಗಿ ಬಸ್ಸು ಹಿಡಿಯಬೇಕಿತ್ತು, ಜಾಣ. ಆಚೆ ದಂಡೆಯಲ್ಲೇ ದೋಣಿಯನ್ನು ಹೊಂಗೆ ಮರಕ್ಕೆ ಸರಪಳಿ ಹಾಕಿ ಬೀಗ ಜಡಿಸಿದ. ಬೀಗದ ಮೇಲೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿಸಿದ. ಆಮೇಲೆ ಕಾಗದ ಓದಿದ. ಮಾಸ್ತರರ ಮುತ್ತಿನಂಥ ಮಾತುಗಳೇ ಅದರಲ್ಲಿದ್ದವು: ಯಾವ ಕ್ಷಣದಲ್ಲಾದರೂ, ಅಪಾರ ಪ್ರಾಣಹಾನಿ. ದೋಣಿಯವನೇ ಸ್ವತಃ ಒಪ್ಪಿರುವುದರಿಂದ ಸದರಿ ದೋಣಿಯ ಬಳಕೆಯನ್ನು ನಿಷೇಧಿಸಲಾಗಿದೆ, ನಡೆಸಿದರೆ ಸೆರೆವಾಸ.

"ಹೊಸಾದು ಯಾವಾಗ ಬರತೈತ್ರಿ?" ಎಂದ ಜಕ್ಕಪ್ಪ.

"ಹೊಸಾದು? ಇದರಾಗ ಹೊಸಾದರ ಸುದ್ದಿ ಇಲ್ಲಪಾ. ಇದು ಹಳೇದರ ಕಾಗದ. ಹೊಸಾದರದು ಬ್ಯಾರೆ ಫೈಲು."

"ಅಲ್ಲೀತನಕ ಮಂದಿ?"

ಕಾರ್ಕೂನ ಬಸ್ಸಿನ ಕಡೆ ನಡೆದ. ಅಲೆಪ್ಪಿಯ ಖಾಕಿಯವನು ಈ ಪ್ರಶ್ನೆಗೆ ಮೂರು ಸಲ ಉತ್ತರ ಕೊಟ್ಟಿದ್ದ.

ಜಕ್ಕಪ್ಪ ಅಂದು ಈಜಿ ಮನೆ ಸೇರಿದ. ರಾಮವ್ವ ಹನ್ನೆರಡು ಮೈಲಿ ಸುತ್ತಿ, ಸೊಂಟದುದ್ದ ಹಳ್ಳ ದಾಟಿ, ಮರುದಿನ ಮುಂಜಾನೆ ಬಂದಳು. ಬಂದವಳೇ ಒಲೆ ಹಚ್ಚಿದಳು. ಮಾತೆಲ್ಲ ಊರೇ ಆಡಿತು. ಎದುರು ಮನೆಯ ಮುದುಕಿ ದುಂಡವ್ವ ಕಟ್ಟೆಯ ಮೇಲಿಂದ ಕೂಗಿದಳು: "ಕೇರಳ ನೋಡಿ ಬಂದನಂತ ನಮ್ಮಪ್ಪ! ಇದ್ದ ಅರಿವಿ ಬಿಚ್ಚಿ ಕೊಟ್ಟು ರೇಸಿಮಿ ಬೇಡಾಕ ಹೋಗಿದ್ದ. ಈಗ ಊರ ತುಂಬ ಬತ್ತಲಿ!"

"ನೀನೂ ಹೆಬ್ಬಟ್ಟ ಒತ್ತಿದ್ದಿ, ಬೇ" ಎಂದ ಜಕ್ಕಪ್ಪ.

"ನಾ ಹೊಸಾ ದೋಣಿಗಿ ಒತ್ತೇನೋ ಮಾರಾಯಾ, ಹಳೇದ ಕಳಿಯಾಕ ಒತ್ತಿಲ್ಲ!"

ಹಳ್ಳ ತುಂಬಿತು. ಊರು ಹಳೆಯ ಗಾಣದ ಮನೆಯಿಂದ ಬೆಲ್ಲದ ಕೊಪ್ಪರಿಗೆ ಎಳೆದು ತಂದಿತು. ಕಬ್ಬಿನ ಹಾಲು ಕುದಿಸುವ ಆ ಕಬ್ಬಿಣದ ದೊಡ್ಡ ಬಾಣಲೆ ನೀರಿನಲ್ಲಿ ತೇಲುತ್ತದೆ. ಪ್ರವಾಹ ಬಂದಾಗ ಈ ಭಾಗದಲ್ಲಿ ಜನ ಅದರಲ್ಲೇ ಜೀವ ಉಳಿಸಿಕೊಂಡದ್ದುಂಟು. ಆದರೆ ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ. ಸುಳಿ ಹಿಡಿಯಿತೆಂದರೆ ಬುಗುರಿ. ಜನ ಬಂದು ಜಕ್ಕಪ್ಪನ ಬಾಗಿಲಲ್ಲಿ ನಿಂತರು.

"ನೀನ ನಡಸಬೇಕೋ. ನಿನ್ನ ಬಿಟ್ರ ಯಾರಿಗಿ ಗೊತ್ತೈತಿ?"

ಜಕ್ಕಪ್ಪ ಕಾಗದ ತೋರಿಸಿದ. ಸೆರೆವಾಸ ಎಂಬ ಶಬ್ದವನ್ನು ಮಾಸ್ತರರು ಅವನಿಗೆ ಬೆರಳಿಟ್ಟು ಓದಿ ಹೇಳಿದ್ದರು. ಐವತ್ತೆರಡು ವರ್ಷ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದವನು. ಜೊತೆಗೆ ಮನಸ್ಸಿನೊಳಗೆ ಕಹಿಯೂ ಇತ್ತು: ಆಯ ಮರೆತವರು, ಡಬ್ಬಿಗೆ ಕೈ ಚಾಚದವರು, ಈಗ ಬಾಗಿಲಿಗೆ ಬಂದಿದ್ದಾರೆ. "ಸರಕಾರ ಬ್ಯಾಡ ಅಂದೈತಿ. ನಾ ಒಲ್ಲೆ" ಎಂದು ಒಳಗೆ ಹೋದ.

"ಬಿಡ್ರೋ, ನಾ ಅದೀನಲ್ಲ" ಎಂದ ತುಕಾರಾಮ. "ಎಂಟ ದಿನ ನಡಸಿಲ್ಲೇನ?"

ಇಪ್ಪತ್ತು ದಿನ ತುಕಾರಾಮ ಕೊಪ್ಪರಿಗೆ ನಡೆಸಿದ. ಆಗಸ್ಟಿನ ಒಂದು ಮುಂಜಾನೆ ಅವನ ಹೆಂಡತಿ ಸಕ್ಕುಬಾಯಿಗೆ ಜ್ವರ ಏರಿತು. ದವಾಖಾನೆಗೆಂದು ಅವಳನ್ನು ಕೊಪ್ಪರಿಗೆಯಲ್ಲಿ ಮಲಗಿಸಿಕೊಂಡು ಹೊರಟ. ಹಿಂದಿನ ದಿನ ಕೊಯ್ನಾದಿಂದ ನೀರು ಬಿಟ್ಟಿದ್ದರು. ಜಕ್ಕಪ್ಪ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ನೀರಿನ ಬಣ್ಣ ನೋಡಿ ಕೂಗಿದ: "ಲೇ ತುಕಾರಾಮಾ, ಹೊಳ್ಳಲೇ! ನಡು ಹೊಳ್ಯಾಗ ಸುಳಿ ಎದ್ದೈತಿ!" ನೀರಿನ ಸದ್ದಿನಲ್ಲಿ ಕೂಗು ಮುಟ್ಟಲಿಲ್ಲ. ಕೊಪ್ಪರಿಗೆ ಎರಡು ಸುತ್ತು ತಿರುಗಿತು. ಮೂರನೆಯದಕ್ಕೆ ಮಗುಚಿತು. ಜಕ್ಕಪ್ಪ ಹಾರಿದ. ತುಕಾರಾಮನ ಕೂದಲು ಕೈಗೆ ಸಿಕ್ಕಿತು, ಎಳೆದು ತಂದ. ಸಕ್ಕುಬಾಯಿಯ ಸೀರೆಯ ಸೆರಗು ಒಮ್ಮೆ ಬೆರಳಿಗೆ ತಾಗಿ ಜಾರಿತು.

ಮೂರನೆಯ ದಿನ ನೀರು ಇಳಿದ ಮೇಲೆ ಆಚೆ ದಂಡೆಗೆ, ಎರಡು ಮೈಲಿ ಕೆಳಗೆ, ಜಾಲಿಯ ಪೊದೆಗೆ ಸಿಲುಕಿ ಅವಳು ಸಿಕ್ಕಳು. ಊರಿನವರನ್ನು ಗಾಣದ ಮನೆಯ ಇನ್ನೊಂದು ಕೊಪ್ಪರಿಗೆಯಲ್ಲಿ ದಾಟಿಸಿದವನು ಈ ಸಲ ಜಕ್ಕಪ್ಪ. ಯಾರೂ ಅವನನ್ನು ಕರೆಯಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ.

ಠಾಣೆಯ ಫೌಜದಾರರು ಪಂಚನಾಮೆಗೆ ಬಂದಿದ್ದರು. ಬರೆಯುವ ಮೊದಲು ಸುತ್ತ ನೋಡಿ ಕೇಳಿದರು: "ಕೊಪ್ಪರಿಗಿ ನಡಸಾವ ಯಾರು?"

ತುಕಾರಾಮ ಹೆಣದ ಕಾಲ ಬಳಿ ಕೂತಿದ್ದ. ಅಣ್ಣಾಸಾಬನೂ ಬಂದಿದ್ದ. ಅವನೇ ಮುಂದೆ ಬಂದು ಮೆಲ್ಲಗೆ ಹೇಳಿದ: "ಕೊಪ್ಪರಿಗಿ ಅಂತ ಬರದ್ರ ಕೇಸು ಆ ಬಡವನ ಮ್ಯಾಲ ಬೀಳತೈತಿ. ಹೇಂತಿನೂ ಹೋದ್ಲು, ಅವನೂ ಒಳಗ ಹೋಗಬೇಕೇನ? ಅರಿವಿ ಒಗ್ಯಾಕ ಬಂದು ಕಾಲ ಜಾರಿದ್ಲು ಅಂತ ಬರೀರಿ. ಎಲ್ಲಾರಿಗೂ ಚಲೋ."

ಎಲ್ಲರಿಗೂ ಚಲೋ. ಅದೇ ಅದರ ವಿಷ. ತುಕಾರಾಮನಿಗೆ ಚಲೋ, ಮುದ್ರೆ ಒತ್ತಿ ಹೋದ ಕಚೇರಿಗೆ ಚಲೋ, ಹೇಳಿ ಮುದ್ರೆ ಒತ್ತಿಸಿದ ಅಣ್ಣಾಸಾಬನಿಗೆ ಇನ್ನೂ ಚಲೋ. ದೋಣಿಯಿಲ್ಲದೆ ಒಬ್ಬಳು ಸತ್ತಳು ಎಂಬ ಒಂದು ಸಾಲು ಸರಕಾರದ ಕಾಗದದಲ್ಲಿ ಬಿದ್ದಿದ್ದರೆ ಹೊಸ ದೋಣಿಯ ಆ ಬೇರೆ ಫೈಲಿಗೆ ಕಾಲು ಬರುತ್ತಿತ್ತೋ ಏನೋ. ಜಕ್ಕಪ್ಪನಿಗೆ ಅದು ಅಲ್ಲಿ ನಿಂತಲ್ಲೇ ತಿಳಿಯಿತು. ಬರೆದು ಮುಗಿಸಿದ ಫೌಜದಾರರು ಸಾಕ್ಷಿಗೆ ಪಂಚರನ್ನು ಕರೆದರು. ಮೊದಲನೆಯ ಪಂಚ, ಕಡವಿನ ಅಂಬಿಗ ಜಕ್ಕಪ್ಪ.

"ಓದಿ ಹೇಳ್ರಿ" ಎಂದ. ಓದಿದರು. ಕಾಲು ಜಾರಿ.

"ಸಾಹೇಬ್ರ, ಇದು..." ಎಂದವನು ತುಕಾರಾಮನ ಕಡೆ ನೋಡಿದ. ತುಕಾರಾಮ ತಲೆಯೆತ್ತಿ ಅವನನ್ನೇ ನೋಡುತ್ತಿದ್ದ. ಎರಡು ಕೈ ಜೋಡಿಸಿದ್ದನೋ, ಚಳಿಗೆ ಮುದುರಿಕೊಂಡಿದ್ದನೋ. ಮನೆಯಲ್ಲಿ ಅವನಿಗೆ ಎರಡು ಹೆಣ್ಣು ಕೂಸು.

ಜಕ್ಕಪ್ಪ ಹೆಬ್ಬೆರಳು ಶಾಯಿಗೆ ಒತ್ತಿದ. ಶಾಯಿಯಿಂದ ಕಾಗದಕ್ಕೆ ಒತ್ತಿದ.

ಸಂಸ್ಕಾರ ಮುಗಿಸಿ ಕಡವಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಜನ ಕೊಪ್ಪರಿಗೆಯ ಕಡೆ ಹೆಜ್ಜೆ ಹಾಕಲಿಲ್ಲ. ಜಕ್ಕಪ್ಪ ಹೊಂಗೆ ಮರದ ಹತ್ತಿರ ಹೋಗಿ ಒಂದು ಕಲ್ಲೆತ್ತಿ ಬೀಗಕ್ಕೆ ಹೊಡೆದ. ನಾಲ್ಕನೆಯ ಏಟಿಗೆ ಅರಗು ಸಿಡಿದು ಬೀಗ ಬಿಚ್ಚಿತು. ಫೌಜದಾರರು ಅಷ್ಟು ದೂರದಲ್ಲಿ ಮೋಟಾರ್ ಸೈಕಲ್ಲಿಗೆ ಒರಗಿ ನಿಂತವರು ನೋಡಿದರು, ಮುಖ ತಿರುಗಿಸಿ ಬೀಡಿ ಹಚ್ಚಿದರು. ಮುಳುಗುವ ದೋಣಿಯನ್ನು ನಿಷೇಧಿಸುವುದು ಅವರ ಇಲಾಖೆಯ ಕೆಲಸವಾಗಿರಲಿಲ್ಲ. ಅವರ ಕಾನ್‌ಸ್ಟೇಬಲ್ ಮಾತ್ರ ಕೂಗಿ ಹೇಳಿದ: "ಅಂಬೀ, ನಾಳೆ ಬರಬೇಕಾದ್ರ ಗಡ್ಡ್ಯಾಗಿಂದ ಎರಡು ಜವಾರಿ ಕೋಳಿ ತಗೊಂಡ್ ಬಾರಪಾ."

ಆ ದೋಣಿ ಇವತ್ತಿಗೂ ನಡೆಯುತ್ತಿದೆ. ಕಚೇರಿಯ ದಫ್ತರಿನಲ್ಲಿ ಅದು ಹೊಂಗೆ ಮರಕ್ಕೆ ಕಟ್ಟಿಕೊಂಡೇ ಇದೆ. ಮರುವರ್ಷ ಬೇಸಿಗೆಯಲ್ಲಿ ಕಾಡಸಿದ್ದ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಯಿತು. ಟ್ರಂಕು ಹಾಸಿಗೆ ಹೇರಿಕೊಂಡು ಕೊನೆಯ ಸಲ ದಾಟುವಾಗ ಅವರು, ಬಹುಶಃ ಮನಸ್ಸು ತಡೆಯದೆ, ಕೇಳಿದರು: "ಜಕ್ಕಪ್ಪಾ, ಹೋಗೂದರೊಳಗ ಇನ್ನೊಂದ ಅರ್ಜಿ ಬರದ ಕೊಡ್ಲೇನೋ? ಹೊಸಾ ದೋಣಿಗಿ? ಈ ಸಲ ಇದ್ದದ್ದ ಇದ್ದಂಗ ಬರೀತೀನಿ."

ಜಕ್ಕಪ್ಪ ಗಳ ಎತ್ತಿ ಮುಂದಕ್ಕೆ ಹಾಕಿದ. ಅದು ನೆಲ ಮುಟ್ಟುವ ತನಕ ಕಾದ.

"ಏನಂತ ಬರೀತೀರಿ ಮಾಸ್ತರ್ರ? ಮಾಳಗಡ್ಡ್ಯಾಗ ದೋಣಿ ಇಲ್ದಕ್ಕ ಯಾರೂ ಸತ್ತಿಲ್ಲ. ನಾನ ಹೆಬ್ಬಟ್ಟ ಒತ್ತೇನಿ."